ಮಸೂದೆಗೆ ಎಷ್ಟು ಖರ್ಚು? ಮತಕ್ಕೆ ಮುಂಚೆ ಆಗಬೇಕಾದ ಲೆಕ್ಕ

2009ರ ಶಿಕ್ಷಣ ಹಕ್ಕು ಕಾಯ್ದೆಯ 7ನೇ ಸೆಕ್ಷನ್‌ನಲ್ಲಿ ಯಾರೂ ಹೆಚ್ಚು ಗಮನಿಸದ ಒಂದು ಸಾಲಿದೆ. ಕಾಯ್ದೆಯನ್ನು ಜಾರಿಗೆ ತರಲು ಎಷ್ಟು ಬಂಡವಾಳ ವೆಚ್ಚ, ಎಷ್ಟು ಆವರ್ತಕ ವೆಚ್ಚ ಬೇಕು ಎಂಬ ಅಂದಾಜನ್ನು ಕೇಂದ್ರ ಸರ್ಕಾರ ತಯಾರಿಸಬೇಕು ಎಂದು ಆ ಸಾಲು ಹೇಳುತ್ತದೆ. ಸಂಸದರ ಕೈಗೆ ಮಸೂದೆಯ ಜೊತೆಗೇ ಬರಬೇಕಾಗಿದ್ದ ಲೆಕ್ಕವನ್ನು, ಮಸೂದೆ ಪಾಸಾದ ಮೇಲೆ ಮಾಡಿ ಎಂದು ಕಾಯ್ದೆಯೇ ಆದೇಶಿಸಿದೆ. ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಐದು ವರ್ಷಕ್ಕೆ 2.31 ಲಕ್ಷ ಕೋಟಿ ರೂಪಾಯಿ ಬೇಕು, ಅದನ್ನು ಕೇಂದ್ರ ಮತ್ತು ರಾಜ್ಯಗಳು 65:35ರಂತೆ ಹಂಚಿಕೊಳ್ಳಬೇಕು ಎಂಬ ತೀರ್ಮಾನ ಆದದ್ದು ಅದರ ನಂತರ.

ಆ ಹಕ್ಕು ಬೇಡವಾಗಿತ್ತು ಎಂದು ಇದರ ಅರ್ಥವಲ್ಲ. ರಾಜ್ಯಗಳ ಪಾಲು ಎಷ್ಟು, ಶಿಕ್ಷಕರ ಸಂಬಳಕ್ಕೆ ಎಷ್ಟು, ಕೊಠಡಿಗೆ ಎಷ್ಟು, ಖಾಸಗಿ ಶಾಲೆಗಳಲ್ಲಿ ಶೇ 25ರಷ್ಟು ಸೀಟು ಪಡೆಯುವ ಮಕ್ಕಳ ಶುಲ್ಕ ಮರುಪಾವತಿಗೆ ಎಷ್ಟು ಎಂಬುದು ಮೊದಲೇ ಮೇಜಿನ ಮೇಲಿದ್ದಿದ್ದರೆ, ಆ ಮರುಪಾವತಿ ಬಾಕಿಯ ಜಗಳಗಳಲ್ಲಿ ಕೆಲವಾದರೂ ಸದನದಲ್ಲೇ ಮುಗಿಯುತ್ತಿದ್ದವು.

ನಿಯಮ ಇದೆ, ಲೆಕ್ಕ ಇಲ್ಲ

ಹಾಗೆಂದು ನಮ್ಮಲ್ಲಿ ನಿಯಮಗಳಿಗೆ ಕೊರತೆಯಿಲ್ಲ. ಸಂವಿಧಾನದ 117(3)ನೇ ವಿಧಿಯ ಪ್ರಕಾರ, ಭಾರತದ ಸಂಚಿತ ನಿಧಿಯಿಂದ ಹಣ ಖರ್ಚಾಗುವ ಮಸೂದೆಯನ್ನು ರಾಷ್ಟ್ರಪತಿಯವರ ಶಿಫಾರಸು ಇಲ್ಲದೆ ಯಾವ ಸದನವೂ ಅಂಗೀಕರಿಸುವಂತಿಲ್ಲ. ರಾಜ್ಯಗಳಿಗೆ ಇದೇ ಮಾತನ್ನು 207(3)ನೇ ವಿಧಿ ಹೇಳುತ್ತದೆ. ಅಲ್ಲಿ ಶಿಫಾರಸು ರಾಜ್ಯಪಾಲರದು. ಲೋಕಸಭೆಯ ಕಾರ್ಯವಿಧಾನ ನಿಯಮ 69 ಇನ್ನೂ ಮುಂದೆ ಹೋಗುತ್ತದೆ. ವೆಚ್ಚ ತರುವ ಪ್ರತಿ ಮಸೂದೆಯ ಜೊತೆ ಆರ್ಥಿಕ ಜ್ಞಾಪನ ಪತ್ರ ಇರಬೇಕು, ಯಾವ ಖಂಡದಿಂದ ವೆಚ್ಚ ಬರುತ್ತದೆ ಎಂದು ಅದು ಬೊಟ್ಟು ಮಾಡಬೇಕು, ಆವರ್ತಕ ಮತ್ತು ಅನಾವರ್ತಕ ವೆಚ್ಚದ ಅಂದಾಜು ಕೊಡಬೇಕು. ಅಂಥ ಖಂಡಗಳನ್ನು ದಪ್ಪಕ್ಷರದಲ್ಲೋ ಓರೆ ಅಕ್ಷರದಲ್ಲೋ ಅಚ್ಚು ಹಾಕಬೇಕೆಂದೂ ನಿಯಮದಲ್ಲಿದೆ. 2014ರ ಪೂರ್ವ ಶಾಸನ ಸಮಾಲೋಚನಾ ನೀತಿ ಇದರ ಮೇಲೆ ಮತ್ತೊಂದು ಪದರ ಹಾಕಿತು: ಕರಡು ಮಸೂದೆಯನ್ನು ಕನಿಷ್ಠ 30 ದಿನ ಜನರ ಮುಂದಿಡಬೇಕು, ಅದರ ಆರ್ಥಿಕ ಪರಿಣಾಮವನ್ನು ಸ್ಥೂಲವಾಗಿಯಾದರೂ ತಿಳಿಸಬೇಕು.

ಕಾಗದದ ಮೇಲೆ ಇದು ಸಾಕಷ್ಟು ಗಟ್ಟಿ. ಆದರೆ ಜ್ಞಾಪನ ಪತ್ರ ಬರೆಯುವವರು ಯಾರು? ಮಸೂದೆ ಪಾಸಾಗಲಿ ಎಂದು ಬಯಸುವ ಇಲಾಖೆಯೇ. ಅದನ್ನು ಮತ್ತೊಬ್ಬರು ತಾಳೆ ನೋಡಿ ಸದನಕ್ಕೆ ಹೇಳುವ ವ್ಯವಸ್ಥೆ ಇಲ್ಲ. ಹೀಗಾಗಿ ಮಸೂದೆಗಳ ಕೊನೆಯ ಪುಟಗಳಲ್ಲಿ ಮತ್ತೆ ಮತ್ತೆ ಕಾಣುವುದು ಮೂರು ಬಗೆಯ ವಾಕ್ಯಗಳು: ಹೆಚ್ಚುವರಿ ವೆಚ್ಚವೇನೂ ಇಲ್ಲ, ಇರುವ ಅನುದಾನದಲ್ಲೇ ಭರಿಸಲಾಗುವುದು, ಈ ಹಂತದಲ್ಲಿ ನಿಖರವಾಗಿ ಹೇಳಲಾಗದು. ಮೂರನೆಯದು ಎಷ್ಟೋ ಸಲ ನಿಜವೇ. ಆದರೆ ನಿಖರವಾಗಿ ಹೇಳಲಾಗದು ಎಂಬುದೂ ಅಂದಾಜೇ ಮಾಡಲಾಗದು ಎಂಬುದೂ ಒಂದೇ ಅಲ್ಲ. ನಿಯಮ ಕೇಳುವುದು ಅಂದಾಜನ್ನು.

ಇನ್ನೊಂದು ಕಿಂಡಿಯೂ ಇದೆ. ನಿಯಮದ ಕಣ್ಣಿಗೆ ಬೀಳುವುದು ವೆಚ್ಚ ಮಾತ್ರ, ಬಿಟ್ಟುಕೊಟ್ಟ ವರಮಾನ ಅಲ್ಲ. 2019ರ ಸೆಪ್ಟೆಂಬರ್‌ನಲ್ಲಿ ಕಾರ್ಪೊರೇಟ್ ತೆರಿಗೆಯ ಮೂಲ ದರವನ್ನು ಶೇ 30ರಿಂದ 22ಕ್ಕೆ ಇಳಿಸಿದಾಗ ಬೊಕ್ಕಸಕ್ಕೆ ವರ್ಷಕ್ಕೆ 1.45 ಲಕ್ಷ ಕೋಟಿ ರೂಪಾಯಿ ಖೋತಾ ಎಂದು ಸರ್ಕಾರವೇ ಹೇಳಿತ್ತು. ಅದು ಬಂದದ್ದು ಸುಗ್ರೀವಾಜ್ಞೆಯ ಮೂಲಕ. ಸಂಸತ್ತು ಮತ ಹಾಕುವ ಹೊತ್ತಿಗೆ ಹೊಸ ದರ ಆಗಲೇ ಜಾರಿಯಲ್ಲಿತ್ತು.

ಲೆಕ್ಕ ಹಾಕುವ ಬಗೆ

ಮೊದಲ ಕೆಲಸ ಗಣಿತದ್ದಲ್ಲ, ಓದುವುದು. ಖಂಡ ಖಂಡವಾಗಿ ಓದಿ, ಎಲ್ಲಿ ಸರ್ಕಾರದ ಮೇಲೆ ಬಾಧ್ಯತೆ ಬೀಳುತ್ತದೆ, ಎಲ್ಲಿ ಬರೀ ಅಧಿಕಾರ ಸಿಗುತ್ತದೆ ಎಂದು ಗುರುತು ಹಾಕಿಕೊಳ್ಳಬೇಕು. ‘ನೀಡತಕ್ಕದ್ದು’ ಎಂದಿದ್ದರೆ ಅರ್ಹರು ಬಂದಷ್ಟೂ ಕೊಡಲೇಬೇಕು; ಬಜೆಟ್ ಮುಗಿಯಿತು ಎನ್ನುವಂತಿಲ್ಲ. ‘ನೀಡಬಹುದು’ ಎಂದಿದ್ದರೆ ಪ್ರತಿ ವರ್ಷದ ಅನುದಾನವೇ ಮಿತಿ. ಎರಡರ ಅಂದಾಜನ್ನು ಕೂಡಿಸಿ ಒಂದೇ ಅಂಕಿ ಮಾಡಿದರೆ ಅದಕ್ಕೆ ಅರ್ಥವಿರುವುದಿಲ್ಲ. ಮೊತ್ತವನ್ನೇ ಹೇಳದೆ ‘ಸರ್ಕಾರ ಅಧಿಸೂಚಿಸುವ ದರದಲ್ಲಿ’ ಎಂದು ಬಿಟ್ಟಿದ್ದರೆ? ಆಗಲೂ ಕೈಚೆಲ್ಲಬೇಕಿಲ್ಲ. ದರದ ಪ್ರತಿ 100 ರೂಪಾಯಿಗೆ ವರ್ಷಕ್ಕೆ ಇಷ್ಟು ಕೋಟಿ ಎಂದು ಕೊಟ್ಟರೆ ಸಾಕು, ಉಳಿದದ್ದನ್ನು ಶಾಸಕರು ಗುಣಿಸಿಕೊಳ್ಳುತ್ತಾರೆ.

ಎರಡನೆಯದು ಹೋಲಿಕೆಯ ಆಧಾರ, ಬಜೆಟ್ ಭಾಷೆಯಲ್ಲಿ ಬೇಸ್‌ಲೈನ್. ಮಸೂದೆ ಬಾರದೇ ಹೋಗಿದ್ದರೂ ಈಗಿನ ಕಾನೂನಿನ ಪ್ರಕಾರ ಆಗುತ್ತಿದ್ದ ಖರ್ಚು ಎಷ್ಟು? ಮಸೂದೆಯ ವೆಚ್ಚ ಅಂದರೆ ಅದರ ಮೇಲೆ ಬೀಳುವ ವ್ಯತ್ಯಾಸ ಮಾತ್ರ. ಎಡವುವುದು ಹೆಚ್ಚಾಗಿ ಇಲ್ಲೇ.

ಒಂದು ಉದಾಹರಣೆ ಹಾಕಿ ನೋಡೋಣ. ಅಂಕಿಗಳು ಲೆಕ್ಕ ತೋರಿಸಲೆಂದೇ ಕಲ್ಪಿಸಿಕೊಂಡವು. ಒಂದು ರಾಜ್ಯದಲ್ಲಿ 14 ಲಕ್ಷ ವೃದ್ಧರು ತಿಂಗಳಿಗೆ 800 ರೂಪಾಯಿ ಪಿಂಚಣಿ ಪಡೆಯುತ್ತಿದ್ದಾರೆ. ಹೊಸ ಮಸೂದೆ ಮೊತ್ತವನ್ನು 1,200ಕ್ಕೆ ಏರಿಸುತ್ತದೆ, ಅರ್ಹತೆಯನ್ನು ಸಡಿಲಿಸಿ ಅರ್ಹರ ಸಂಖ್ಯೆಯನ್ನು 20 ಲಕ್ಷ ಮಾಡುತ್ತದೆ. ವಿರೋಧಿಸುವವರು 20 ಲಕ್ಷವನ್ನು 1,200ರಿಂದ, ಮತ್ತೆ 12ರಿಂದ ಗುಣಿಸಿ ವರ್ಷಕ್ಕೆ 2,880 ಕೋಟಿ ಎಂದು ಕೂಗುತ್ತಾರೆ. ಆದರೆ ಈಗಾಗಲೇ 1,344 ಕೋಟಿ ಖರ್ಚಾಗುತ್ತಿದೆ. ಅರ್ಹರೆಲ್ಲರೂ ಅರ್ಜಿ ಹಾಕುವುದಿಲ್ಲ. ಶೇ 85 ಮಂದಿ ಬರುತ್ತಾರೆ ಎಂದಿಟ್ಟುಕೊಂಡರೆ 17 ಲಕ್ಷ ಜನ, 2,448 ಕೋಟಿ. ಅದರಲ್ಲಿ 1,344 ಕಳೆದರೆ ಪೂರ್ಣ ವರ್ಷವೊಂದರ ಹೆಚ್ಚುವರಿ ಹೊರೆ 1,104 ಕೋಟಿ.

ಕಾಯ್ದೆ ಅಕ್ಟೋಬರ್ 1ರಿಂದ ಜಾರಿ ಎಂದಿರಲಿ. ಮೊದಲ ಹಣಕಾಸು ವರ್ಷದಲ್ಲಿ ಉಳಿಯುವುದು ಆರು ತಿಂಗಳು. ಹಳೆಯ 14 ಲಕ್ಷ ಜನರಿಗೆ ಹೆಚ್ಚಾದ 400 ರೂಪಾಯಿಯ ಲೆಕ್ಕದಲ್ಲಿ 336 ಕೋಟಿ. ಹೊಸಬರು ಮೂರು ಲಕ್ಷವಾದರೂ ಅರ್ಜಿ, ಪರಿಶೀಲನೆ, ಬ್ಯಾಂಕ್ ಖಾತೆ ಜೋಡಣೆ ಎಂದು ನಿಧಾನಕ್ಕೆ ಸೇರುತ್ತಾರೆ. ಆ ಆರು ತಿಂಗಳಲ್ಲಿ ಸರಾಸರಿ ಒಂದು ಲಕ್ಷ ಜನ ಪಟ್ಟಿಯಲ್ಲಿರುತ್ತಾರೆ ಎಂದರೆ 72 ಕೋಟಿ. ಒಟ್ಟು 408 ಕೋಟಿ. ಮಸೂದೆ ತಂದ ಇಲಾಖೆ ‘ಪ್ರಸಕ್ತ ಸಾಲಿನಲ್ಲಿ 408 ಕೋಟಿ’ ಎಂದು ಬರೆದರೆ ಅದು ಸುಳ್ಳಲ್ಲ. ಓದಿದವರು ಮಾತ್ರ ಮೋಸ ಹೋಗುತ್ತಾರೆ.

ಮುಂದಿನ ವರ್ಷಗಳನ್ನೂ ಬಿಡಿಸಬೇಕು. ವೃದ್ಧರ ಸಂಖ್ಯೆ ವರ್ಷಕ್ಕೆ ಶೇ 3ರಂತೆ ಏರುತ್ತದೆ, ಮಸೂದೆಯಲ್ಲಿ ಪಿಂಚಣಿಯನ್ನು ಬೆಲೆ ಸೂಚ್ಯಂಕಕ್ಕೆ ಕಟ್ಟಿದ್ದಾರೆ, ಬೆಲೆ ಶೇ 5ರಂತೆ ಏರುತ್ತದೆ ಎಂದುಕೊಳ್ಳಿ. ಎರಡನೇ ವರ್ಷದ 2,448 ಕೋಟಿ ಆರನೇ ವರ್ಷಕ್ಕೆ ಸುಮಾರು 3,349 ಕೋಟಿ ಆಗುತ್ತದೆ. ಹಳೆಯ ಯೋಜನೆಯ 800 ರೂಪಾಯಿ ಸೂಚ್ಯಂಕಕ್ಕೆ ಕಟ್ಟಿದ್ದಲ್ಲ, ಹಾಗಾಗಿ ಬೇಸ್‌ಲೈನ್ ಬರೀ 1,513 ಕೋಟಿಗೆ ಏರುತ್ತದೆ. ವ್ಯತ್ಯಾಸ 1,836 ಕೋಟಿ. 408, 1,104, 1,836, 2,880: ನಾಲ್ಕೂ ಒಂದೇ ಮಸೂದೆಯ ಅಂಕಿಗಳು. ಸೂಚ್ಯಂಕಕ್ಕೆ ಕಟ್ಟುವ ಖಂಡ ಅರ್ಧ ಸಾಲಿನದು, ಆದರೆ ದೀರ್ಘಾವಧಿಯಲ್ಲಿ ಅತಿ ದುಬಾರಿ ಖಂಡ ಅದೇ ಎಂಬುದು ವರ್ಷವಾರು ಪಟ್ಟಿ ಹಾಕಿದಾಗಲೇ ಗೊತ್ತಾಗುವುದು. ಹೋಲಿಸಿ ನೋಡಿದರೆ ಅರ್ಜಿ ವಿಲೇವಾರಿಯ ಆಡಳಿತ ವೆಚ್ಚ ಪುಡಿಗಾಸು. ಸದನದಲ್ಲಿ ಹೆಚ್ಚು ಗಲಾಟೆ ಆಗುವುದು ಮಾತ್ರ ‘ಹೊಸ ಹುದ್ದೆ ಎಷ್ಟು’ ಎಂಬುದರ ಮೇಲೆ.

ಆ ಶೇ 85 ಎಲ್ಲಿಂದ ಬಂತು ಎಂಬುದೇ ಇಡೀ ಲೆಕ್ಕದ ಮರ್ಮ. ಅದನ್ನು ಶೇ 95 ಮಾಡಿದರೆ ಎರಡು ಲಕ್ಷ ಜನ, ವರ್ಷಕ್ಕೆ 288 ಕೋಟಿ ಸೇರಿಕೊಳ್ಳುತ್ತದೆ. ಇದಕ್ಕೆ ಸೂತ್ರವಿಲ್ಲ, ಇಂಥದ್ದೇ ಹಳೆಯ ಯೋಜನೆಗಳಲ್ಲಿ ಎಷ್ಟು ಜನ ಬಂದರು ಎಂದು ನೋಡಬೇಕು. ಉದ್ಯೋಗ ಖಾತರಿ ಕಾಯ್ದೆ ಕೊಟ್ಟ ಭರವಸೆ 100 ದಿನಗಳದ್ದು, ಕೆಲಸ ಪಡೆದ ಕುಟುಂಬಕ್ಕೆ ಸರಾಸರಿ ಸಿಗುತ್ತಿದ್ದದ್ದು ವರ್ಷಕ್ಕೆ 50 ದಿನಗಳ ಆಸುಪಾಸು. ಗರಿಷ್ಠವನ್ನೇ ಹಿಡಿದು ಗುಣಿಸಿದವರ ಲೆಕ್ಕ ದುಪ್ಪಟ್ಟಾಗುತ್ತಿತ್ತು. ಅರ್ಹತೆಯ ಗೆರೆಯ ಬಳಿ ಜನ ತಮ್ಮನ್ನು ಹೊಂದಿಸಿಕೊಳ್ಳುತ್ತಾರೆ ಎಂಬುದನ್ನೂ ಮರೆಯಬಾರದು. ಕುಟುಂಬಕ್ಕೊಂದು ಸೌಲಭ್ಯ ಎಂದರೆ ಪಡಿತರ ಚೀಟಿಗಳು ಒಡೆದು ಎರಡಾಗುತ್ತವೆ. ನಿನ್ನೆಯ ಚೀಟಿಗಳನ್ನು ಎಣಿಸಿ ನಾಳೆಯ ಖರ್ಚು ಹೇಳಿದರೆ ಕಡಿಮೆ ಬೀಳುವುದು ಖಚಿತ.

ಲೆಕ್ಕದ ಅವಧಿಯಾಚೆ ತಳ್ಳುವ ಆಟ

ಎಷ್ಟು ವರ್ಷಗಳ ಲೆಕ್ಕ ಎಂದು ಗೊತ್ತಾದ ಕೂಡಲೇ ಮಸೂದೆ ಬರೆಯುವವರು ಆ ಅವಧಿಗೆ ತಕ್ಕಂತೆ ಬರೆಯಲು ಕಲಿಯುತ್ತಾರೆ. ಇದಕ್ಕೆ ಹೆಸರಾದ ದೇಶ ಅಮೆರಿಕ, ಏಕೆಂದರೆ ಅಲ್ಲಿ ಹತ್ತು ವರ್ಷಗಳ ಅಂದಾಜು ಕಟ್ಟುನಿಟ್ಟು. 2010ರ ಆರೋಗ್ಯ ವಿಮಾ ಕಾಯ್ದೆಯೊಳಗೆ ‘ಕ್ಲಾಸ್’ ಎಂಬ ದೀರ್ಘಕಾಲೀನ ಆರೈಕೆ ವಿಮೆ ಇತ್ತು. ಐದು ವರ್ಷ ಕಂತು ಕಟ್ಟಿದ ಮೇಲಷ್ಟೇ ಸೌಲಭ್ಯ. ಹತ್ತು ವರ್ಷಗಳ ಲೆಕ್ಕದಲ್ಲಿ ಮೊದಲರ್ಧ ಬರೀ ವಸೂಲಿ, ಹೀಗಾಗಿ ಸುಮಾರು 7,000 ಕೋಟಿ ಡಾಲರ್ ಉಳಿತಾಯ ಎಂದು ಕಾಣಿಸಿತು. ನಿಜವಾದ ಪಾವತಿ ಬರುವುದು ಆಮೇಲೆ. ಅದು ತನ್ನ ಕಾಲ ಮೇಲೆ ನಿಲ್ಲದು ಎಂದು 2011ರಲ್ಲಿ ಸರ್ಕಾರವೇ ಕೈಬಿಟ್ಟಿತು, 2013ರ ಜನವರಿಯಲ್ಲಿ ರದ್ದಾಯಿತು.

ಹೋಲಿಕೆಯ ಆಧಾರವನ್ನೇ ಬದಲಿಸುವುದು ಇದಕ್ಕಿಂತ ಚತುರವಾದ ದಾರಿ. 2017ರ ತೆರಿಗೆ ಕಡಿತದಲ್ಲಿ ವೈಯಕ್ತಿಕ ತೆರಿಗೆಯ ಬಹುಪಾಲು ರಿಯಾಯಿತಿಗಳಿಗೆ 2025ರ ಕೊನೆಯೇ ಗಡುವು ಎಂದು ಬರೆದರು. ಅದರಿಂದ ಅಂದಿನ ಅಂದಾಜು ಕಡಿಮೆಯಾಯಿತು. 2025ರಲ್ಲಿ ಅವನ್ನು ಮುಂದುವರಿಸುವಾಗ, ಹೇಗೂ ಇರುವುದೇ ಮುಂದುವರಿಯುತ್ತಿದೆ, ಇದರಲ್ಲಿ ಹೊಸ ಖರ್ಚೇನಿದೆ ಎಂಬ ವಾದ ಹೂಡಿ ಸೆನೆಟ್ ಬೇರೆಯೇ ಬೇಸ್‌ಲೈನ್ ಹಿಡಿಯಿತು. ಜಾರಿಯಲ್ಲಿದ್ದ ಕಾನೂನಿನ ಆಧಾರದಲ್ಲಿ ನೋಡಿದರೆ ಅದೇ ಮಸೂದೆ ಹತ್ತು ವರ್ಷಗಳಲ್ಲಿ ಕೊರತೆಯನ್ನು 3.4 ಲಕ್ಷ ಕೋಟಿ ಡಾಲರ್ ಹೆಚ್ಚಿಸುತ್ತದೆ ಎಂದು ಅಲ್ಲಿನ ಸಂಸತ್ತಿನ ಬಜೆಟ್ ಕಚೇರಿ ಲೆಕ್ಕ ಕೊಟ್ಟಿತು. ಗಡುವು ಹಾಕುವಾಗ ಒಂದು ಲಾಭ, ಗಡುವು ತೆಗೆಯುವಾಗ ಇನ್ನೊಂದು ಲಾಭ. ಎರಡೂ ಸಲ ಬಿಲ್ಲು ಯಾರ ಹೆಸರಿಗೂ ಬರಲಿಲ್ಲ.

ಹಣ ಯಾರ ಜೇಬಿನಿಂದ?

ನಮ್ಮ ಜ್ಞಾಪನ ಪತ್ರಗಳ ದೊಡ್ಡ ಕುರುಡು ನನ್ನ ಪ್ರಕಾರ ಇಲ್ಲಿದೆ. ಮಸೂದೆ ಮಂಡಿಸಿದ ಸರ್ಕಾರದ ನಿಧಿಯಿಂದ ನೇರವಾಗಿ ಹೋಗುವುದಷ್ಟೇ ಅವುಗಳ ಲೆಕ್ಕಕ್ಕೆ ಸಿಗುತ್ತದೆ. ಚೆಕ್ ಬೌನ್ಸನ್ನು ಅಪರಾಧವಾಗಿಸಿದ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಸೆಕ್ಷನ್ 1988ರ ತಿದ್ದುಪಡಿಯಲ್ಲಿ ಬಂತು. ಕೇಂದ್ರದ ಬೊಕ್ಕಸಕ್ಕೆ ಅದರಿಂದ ಹೊರೆಯೇ ಇಲ್ಲ ಅನ್ನಿಸುತ್ತದೆ. 2019ರ ಕೊನೆಗೆ ದೇಶದಲ್ಲಿ ಬಾಕಿಯಿದ್ದ 2.31 ಕೋಟಿ ಕ್ರಿಮಿನಲ್ ಪ್ರಕರಣಗಳಲ್ಲಿ 35.16 ಲಕ್ಷ ಈ ಒಂದೇ ಸೆಕ್ಷನ್‌ನವು ಎಂಬುದು ಸುಪ್ರೀಂ ಕೋರ್ಟಿನ ದಾಖಲೆ. ಮ್ಯಾಜಿಸ್ಟ್ರೇಟರು, ಸಿಬ್ಬಂದಿ, ಕಟ್ಟಡ ಎಲ್ಲದರ ಖರ್ಚು ಬಹುತೇಕ ರಾಜ್ಯಗಳದು. ಹೊಸ ಕಾನೂನು ಎಷ್ಟು ಮೊಕದ್ದಮೆ ಹುಟ್ಟಿಸುತ್ತದೆ ಎಂದು ಮೊದಲೇ ಲೆಕ್ಕ ಹಾಕುವ ಪದ್ಧತಿ ಬೇಕೆಂದು ನ್ಯಾಯಮೂರ್ತಿ ಜಗನ್ನಾಥ ರಾವ್ ನೇತೃತ್ವದ ಕಾರ್ಯಪಡೆ 2008ರಲ್ಲೇ ವರದಿ ಕೊಟ್ಟಿದೆ.

2013ರ ಆಹಾರ ಭದ್ರತಾ ಕಾಯ್ದೆಯಲ್ಲಿ ಸರ್ಕಾರದ ಸಬ್ಸಿಡಿ ಅಂದಾಜು ವರ್ಷಕ್ಕೆ ಸುಮಾರು 1.25 ಲಕ್ಷ ಕೋಟಿ ರೂಪಾಯಿ. ಕೃಷಿ ವೆಚ್ಚ ಮತ್ತು ಬೆಲೆಗಳ ಆಯೋಗದ ಅಂದಿನ ಅಧ್ಯಕ್ಷ ಅಶೋಕ್ ಗುಲಾಟಿ ಮತ್ತು ಸಹೋದ್ಯೋಗಿಗಳು 2012ರ ಡಿಸೆಂಬರ್‌ನಲ್ಲಿ ಹಾಕಿದ ಲೆಕ್ಕ ಮೂರು ವರ್ಷಕ್ಕೆ 6.82 ಲಕ್ಷ ಕೋಟಿ, ಅಂದರೆ ವರ್ಷಕ್ಕೆ ಹತ್ತಿರ ಹತ್ತಿರ ಇಮ್ಮಡಿ. ಯಾರೂ ಗುಣಾಕಾರದಲ್ಲಿ ತಪ್ಪಿರಲಿಲ್ಲ. ಅಷ್ಟು ಧಾನ್ಯ ಬೆಳೆಸುವುದು, ದಾಸ್ತಾನು ಮಾಡುವುದು, ವಿತರಣೆಯ ಯಂತ್ರಾಂಗ ಕಟ್ಟುವುದು, ಇವನ್ನೂ ಎರಡನೆಯವರು ಕೂಡಿಸಿದ್ದರು. ಅವುಗಳಲ್ಲಿ ಯಾವುದು ಮಸೂದೆಯ ಖರ್ಚು, ಯಾವುದು ಹೇಗೂ ಆಗಬೇಕಿದ್ದ ಖರ್ಚು ಎಂದು ತೀರ್ಮಾನಿಸಿ ಎರಡನ್ನೂ ಪಕ್ಕಪಕ್ಕ ಇಟ್ಟು ತೋರಿಸುವ ಮೂರನೆಯವರು ಇರಲಿಲ್ಲ.

2025ರ ಡಿಸೆಂಬರ್‌ನಲ್ಲಿ ಉದ್ಯೋಗ ಖಾತರಿ ಕಾಯ್ದೆಯ ಜಾಗಕ್ಕೆ ಬಂದ ವಿಬಿ–ಜಿ ರಾಮ್ ಜಿ ಮಸೂದೆಗೆ ಒಂದು ಅಂಕಿ ಇತ್ತು, ಅದು ಮೆಚ್ಚಬೇಕಾದದ್ದೇ: ವರ್ಷಕ್ಕೆ 1,51,282 ಕೋಟಿ, ಅದರಲ್ಲಿ ಕೇಂದ್ರದ ಪಾಲು 95,692 ಕೋಟಿ. ಉಳಿದ ಸುಮಾರು 55,590 ಕೋಟಿ ರಾಜ್ಯಗಳದು. ಹಿಂದಿನ ಕಾಯ್ದೆಯಲ್ಲಿ ಕೂಲಿಯನ್ನು ಕೇಂದ್ರವೇ ಪೂರ್ತಿ ಭರಿಸುತ್ತಿತ್ತು. ಈಗ ಹೆಚ್ಚಿನ ರಾಜ್ಯಗಳಿಗೆ 60:40. ಕೇಂದ್ರ ನಿಗದಿ ಮಾಡಿದ ಹಂಚಿಕೆಯನ್ನು ಮೀರಿದ ಖರ್ಚು ಪೂರ್ತಿ ರಾಜ್ಯದ ತಲೆಗೆ. ಕೇಂದ್ರದ ಹೊಣೆಗೆ ಮಿತಿ ಇದೆ, ರಾಜ್ಯದ್ದಕ್ಕೆ ಇಲ್ಲ. ಹೀಗಾಗಿ ಆ 55,590 ಕೋಟಿಯನ್ನು ಖಚಿತ ಮೊತ್ತ ಎಂದು ಓದುವ ಬದಲು ಕನಿಷ್ಠದ ಸುಳಿವು ಎಂದು ಓದುವುದು ವಾಸಿ. ಯಾವ ರಾಜ್ಯಕ್ಕೆ ಎಷ್ಟು ಎಂಬ ಪಟ್ಟಿ ಮತದ ಮುಂಚೆ ಬೇಕಿತ್ತು. ಮಂಡನೆಯಾದ ವಾರದಲ್ಲೇ ಎರಡೂ ಸದನಗಳಲ್ಲಿ ಮಸೂದೆ ಪಾಸಾಯಿತು. ರಾಜ್ಯ, ಸ್ಥಳೀಯ ಸರ್ಕಾರಗಳ ಮೇಲೆ ಬೀಳುವ ಹೊರೆಯನ್ನು ಬೇರೆಯಾಗಿ ಹೇಳಬೇಕೆಂದು ಅಮೆರಿಕ 1995ರಲ್ಲೇ ಕಾನೂನು ಮಾಡಿಕೊಂಡಿದೆ. ಒಕ್ಕೂಟ ವ್ಯವಸ್ಥೆಯಲ್ಲಿ ಇದು ಮೊದಲ ದಿನದಿಂದ ಬೇಕಾದ ಕಾಲಂ.

ಬೇರೆಯವರ ಕೈಯಲ್ಲಿ ಲೆಕ್ಕ

ಅಮೆರಿಕದ ಕಾಂಗ್ರೆಷನಲ್ ಬಜೆಟ್ ಆಫೀಸ್ ಹುಟ್ಟಿದ್ದು 1974ರ ಕಾನೂನಿನಿಂದ, ಮರುವರ್ಷ ಆಲಿಸ್ ರಿವ್ಲಿನ್ ಮುಂದಾಳತ್ವದಲ್ಲಿ ಕೆಲಸ ಶುರುವಾಯಿತು. ಸುಮಾರು 275 ಸಿಬ್ಬಂದಿ. ಸಮಿತಿಗಳು ಒಪ್ಪಿ ಕಳಿಸುವ ಬಹುತೇಕ ಪ್ರತಿ ಮಸೂದೆಗೂ ಅಂದಾಜು ಬರೆಯುತ್ತದೆ. ತೆರಿಗೆಯ ಭಾಗವನ್ನು ಜಂಟಿ ತೆರಿಗೆ ಸಮಿತಿಯ ಸಿಬ್ಬಂದಿ ನೋಡಿಕೊಳ್ಳುತ್ತಾರೆ. ಮಸೂದೆ ಒಳ್ಳೆಯದೋ ಕೆಟ್ಟದ್ದೋ ಎಂದು ಕಚೇರಿ ಹೇಳುವಂತಿಲ್ಲ. ಆಸ್ಟ್ರೇಲಿಯಾದ ಸಂಸದೀಯ ಬಜೆಟ್ ಕಚೇರಿ 2012ರದು, ಬ್ರಿಟನ್ನಿನ ಬಜೆಟ್ ಹೊಣೆಗಾರಿಕೆ ಕಚೇರಿ 2010ರದು. ನೆದರ್ಲೆಂಡ್ಸ್‌ನ ಆರ್ಥಿಕ ನೀತಿ ವಿಶ್ಲೇಷಣಾ ಸಂಸ್ಥೆ ಸಿಪಿಬಿ 1986ರಿಂದ ಪಕ್ಷಗಳ ಚುನಾವಣಾ ಪ್ರಣಾಳಿಕೆಗಳಿಗೇ ಲೆಕ್ಕ ಹಾಕುತ್ತಿದೆ.

ಕಚೇರಿ ಕಟ್ಟಿದರೆ ಮುಗಿಯಿತು ಎಂದೇನೂ ಇಲ್ಲ. ಕೆನಡಾದ ಮೊದಲ ಸಂಸದೀಯ ಬಜೆಟ್ ಅಧಿಕಾರಿ ಕೆವಿನ್ ಪೇಜ್ ಖರ್ಚು ಕಡಿತದ ವಿವರ ಕೇಳಿದಾಗ ಇಲಾಖೆಗಳು ಕೊಡಲಿಲ್ಲ; ಅವರು ಫೆಡರಲ್ ನ್ಯಾಯಾಲಯದ ಮೆಟ್ಟಿಲು ಹತ್ತಿದರೂ 2013ರಲ್ಲಿ ಅರ್ಜಿ ವಜಾ ಆಯಿತು. ದತ್ತಾಂಶ ಕೇಳುವ ಅಧಿಕಾರ, ಕೊಡದಿದ್ದರೆ ಏನು ಎಂಬ ಉತ್ತರ, ಎರಡೂ ಕಾನೂನಿನಲ್ಲೇ ಇರಬೇಕು. ಸಮಯದ ಪ್ರಶ್ನೆ ಇನ್ನೊಂದು. 2017ರ ಮೇ 4ರಂದು ಅಮೆರಿಕದ ಕೆಳಮನೆ ಆರೋಗ್ಯ ವಿಮೆ ಕಾಯ್ದೆಯನ್ನು ಬದಲಿಸುವ ಮಸೂದೆಯನ್ನು ಕೊನೆಗಳಿಗೆಯ ತಿದ್ದುಪಡಿಗಳ ಸಮೇತ ಅಂಗೀಕರಿಸಿತು. ಆ ತಿದ್ದುಪಡಿಗಳೂ ಸೇರಿದ ಅಂದಾಜು ಬಂದದ್ದು ಮೇ 24ರಂದು: ಹತ್ತು ವರ್ಷಗಳಲ್ಲಿ 2.3 ಕೋಟಿ ಜನ ಹೆಚ್ಚುವರಿಯಾಗಿ ವಿಮೆಯಿಲ್ಲದವರಾಗುತ್ತಾರೆ. ಅಂದಾಜು ಸದನದ ಮೇಜಿಗೆ ಬಂದು ಇಷ್ಟು ದಿನವಾಗದೆ ಮತಕ್ಕೆ ಹಾಕುವಂತಿಲ್ಲ ಎಂಬ ನಿಯಮ, ಅದನ್ನು ಸುಲಭಕ್ಕೆ ಅಮಾನತು ಮಾಡಲಾಗದ ನಿಯಮ ಇಲ್ಲದಿದ್ದರೆ 275 ಸಿಬ್ಬಂದಿ ಇದ್ದರೂ ಪ್ರಯೋಜನ ಕಡಿಮೆ.

ಇಷ್ಟಾಗಿ ಅವರ ಅಂದಾಜುಗಳೂ ತಪ್ಪುತ್ತವೆ. 2003ರಲ್ಲಿ ವೃದ್ಧರಿಗೆ ಔಷಧ ವಿಮೆ ತಂದಾಗ ಬಜೆಟ್ ಕಚೇರಿ ಹತ್ತು ವರ್ಷಕ್ಕೆ 39,500 ಕೋಟಿ ಡಾಲರ್ ಎಂದಿತು. ಸರ್ಕಾರದ್ದೇ ವಿಮಾ ಗಣಿತ ತಜ್ಞ ರಿಚರ್ಡ್ ಫೋಸ್ಟರ್ ಅವರ ಲೆಕ್ಕ 53,400 ಕೋಟಿ. ಅದನ್ನು ಮತದಾನಕ್ಕೆ ಮುಂಚೆ ಹೊರಗೆ ಬಿಡಲಿಲ್ಲ. ನಿಜವಾದ ಖರ್ಚು ಎರಡಕ್ಕಿಂತಲೂ ಸಾಕಷ್ಟು ಕಡಿಮೆಯಾಯಿತು: ಸೇರಿದವರು ಎಣಿಸಿದ್ದಕ್ಕಿಂತ ಕಡಿಮೆ, ಅಗ್ಗದ ಜೆನೆರಿಕ್ ಔಷಧಗಳು ಎಣಿಸಿದ್ದಕ್ಕಿಂತ ಹೆಚ್ಚು. 2010ರ ವಿಮಾ ಕಾಯ್ದೆಯಲ್ಲಿ 2016ಕ್ಕೆ 2.1 ಕೋಟಿ ಜನ ವಿಮಾ ಮಾರುಕಟ್ಟೆ ತಾಣಗಳ ಮೂಲಕ ವಿಮೆ ಕೊಳ್ಳುತ್ತಾರೆ ಎಂದಿದ್ದರು, ಬಂದದ್ದು ಸುಮಾರು ಅರ್ಧ. ಎರಡೂ ಕಡೆ ಕೈಕೊಟ್ಟದ್ದರಲ್ಲಿ ‘ಎಷ್ಟು ಜನ ಬರುತ್ತಾರೆ’ ಎಂಬ ಊಹೆ ಇದೆ. ಊಹೆಗಳನ್ನು ಒಂದೊಂದಾಗಿ ಬರೆದಿಟ್ಟಿದ್ದರಿಂದ ಯಾವುದು ಎಲ್ಲಿ ತಪ್ಪಿತು ಎಂದು ಹುಡುಕಲು ಸಾಧ್ಯವಾಯಿತು, ಮುಂದಿನ ಮಸೂದೆಗೆ ತಿದ್ದಿಕೊಂಡರು.

ನಮ್ಮಲ್ಲಿ ಆ ಹಿಂತಿರುಗಿ ನೋಡುವ ಕೆಲಸವೇ ನಡೆಯುವುದಿಲ್ಲ. ಸಿಎಜಿ ಪರಿಶೀಲಿಸುವುದು ಮುಖ್ಯವಾಗಿ ಬಜೆಟ್ ಅನುದಾನಕ್ಕೂ ಖರ್ಚಿಗೂ ಇರುವ ವ್ಯತ್ಯಾಸವನ್ನು, ಯೋಜನೆ ನಡೆದ ರೀತಿಯನ್ನು. ಹತ್ತು ವರ್ಷದ ಹಿಂದೆ ಮಸೂದೆಯ ಜೊತೆ ಮಂಡಿಸಿದ ಜ್ಞಾಪನ ಪತ್ರವನ್ನು ತೆಗೆದು ತಾಳೆ ಹಾಕುವುದು ಯಾರ ಕೆಲಸವೂ ಅಲ್ಲ. ಹೊಸ ಕಚೇರಿ ಬರುವವರೆಗೆ ಕಾಯದೆ ಶುರು ಮಾಡಬಹುದಾದ ಕೆಲಸ ಇದು. ನಿಯಮ 69ಕ್ಕೆ ಒಂದು ನಮೂನೆ ಸೇರಿಸಿದರೆ ಸಾಕು: ವೆಚ್ಚ ತರುವ ಖಂಡದ ಸಂಖ್ಯೆ, ಅರ್ಹರ ಸಂಖ್ಯೆ ಮತ್ತು ಅದರ ಮೂಲ, ಶೇಕಡಾ ಎಷ್ಟು ಜನ ಬರುತ್ತಾರೆ ಎಂಬ ಊಹೆ, ತಲಾ ಮೊತ್ತ, ಈಗಿನ ಕಾನೂನಿನಲ್ಲಿ ಆಗುವ ಖರ್ಚು, ಮೊದಲ ಐದು ಪೂರ್ಣ ವರ್ಷಗಳ ಹೆಚ್ಚುವರಿ ವೆಚ್ಚ, ಬಿಟ್ಟುಕೊಡುವ ವರಮಾನ, ರಾಜ್ಯಗಳ ಮತ್ತು ನ್ಯಾಯಾಲಯಗಳ ಪಾಲು. ಇವೆಲ್ಲ ಒಂದು ಪುಟದಲ್ಲಿ ಹಿಡಿಯುತ್ತವೆ. ಮೂರನೇ ವರ್ಷದ ಕೊನೆಗೆ ಅದೇ ಪುಟದ ಪಕ್ಕದ ಕಾಲಂನಲ್ಲಿ ನಿಜವಾದ ಅಂಕಿ ತುಂಬಿ ಸದನದ ಮುಂದಿಡಬೇಕು. ಅಲ್ಲಿಯತನಕ ಯಾವ ಸದಸ್ಯರೂ ಮಂಡನೆಯ ಹಂತದಲ್ಲೇ ಎದ್ದು ನಿಂತು, ಜ್ಞಾಪನ ಪತ್ರದಲ್ಲಿ ಅಂದಾಜಿಲ್ಲ, ನಿಯಮ ಪಾಲನೆಯಾಗಿಲ್ಲ ಎಂದು ಕ್ರಿಯಾಲೋಪ ಎತ್ತಬಹುದು. ಅದಕ್ಕೆ ಯಾವ ಹೊಸ ನಿಯಮವೂ ಬೇಕಿಲ್ಲ.